ಮಡ್ಲೆಟ್‌ನಲ್ಲಿ ಟೈಮರ್ ಕೈಕೊಟ್ಟಾಗ ದೋಷವನ್ನು ಹುಡುಕುವ ಕ್ರಮ

ಮಡ್ ಎಂದು ಕರೆಯುವ ಪಠ್ಯ ಆಧಾರಿತ ಆನ್‌ಲೈನ್ ಆಟಗಳನ್ನು ಆಡುವವರು ಕಮಾಂಡುಗಳು ತಾವಾಗಿ ಹೋಗುವಂತೆ ಮಾಡಲು ಬೇಗನೆ ಸ್ಕ್ರಿಪ್ಟ್ ಬರೆಯಲು ತೊಡಗುತ್ತಾರೆ, ಸ್ಕ್ರಿಪ್ಟ್ ಬರೆಯತೊಡಗಿದವರನ್ನು ಎಲ್ಲಕ್ಕಿಂತ ಮೊದಲು ಕಾಡುವುದು ಟೈಮರ್, ಅಂದರೆ ಹೇಳಿದಷ್ಟು ಹೊತ್ತಿನ ಮೇಲೆ ಒಂದು ಕೆಲಸವನ್ನು ನಡೆಸುವ ಕೋಡ್. ಟ್ರಿಗರ್, ಅಂದರೆ ಆಟದ ಒಂದು ಸಾಲು ಬಂದೊಡನೆ ನಡೆಯುವ ಕೋಡ್, ತಪ್ಪಿದರೆ ಅದು ಯಾವ ಸಾಲನ್ನು ಹಿಡಿಯಲಿಲ್ಲ ಎಂಬುದು ಪರದೆಯ ಮೇಲೆಯೇ ಕಾಣುತ್ತದೆ. ಅಲಿಯಾಸ್, ಅಂದರೆ ನಾವು ಟೈಪ್ ಮಾಡುವ ಅಡ್ಡಹೆಸರಿಗೆ ಕಟ್ಟಿದ ಕೋಡ್, ತಪ್ಪಿದರೆ ಎಂಟರ್ ಒತ್ತಿದ ಕ್ಷಣದಲ್ಲೇ ತಿಳಿಯುತ್ತದೆ. ಟೈಮರ್‌ನಲ್ಲಿ ಮಾತ್ರ ಕಾರಣ ಒಂದು ಹೊತ್ತಿಗೆ, ಪರಿಣಾಮ ಇನ್ನೊಂದು ಹೊತ್ತಿಗೆ. ನಡುವೆ ಆಟ ಎಷ್ಟೋ ಸಾಲು ಮುಂದೆ ಸಾಗಿರುತ್ತದೆ. ಸುರತ್ಕಲ್, ಮಣಿಪಾಲದ ಹಾಸ್ಟೆಲುಗಳಿಂದ ಆಡುವ ವಿದ್ಯಾರ್ಥಿಗಳಾಗಲಿ, ಉಡುಪಿ, ಮಂಗಳೂರಿನ ಮನೆಗಳಲ್ಲಿ ಕೆಲಸ ಮುಗಿಸಿ ರಾತ್ರಿ ಆಡುವವರಾಗಲಿ ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಈ ಒಂದು ವಿಷಯಕ್ಕೇ ಸೇರಿದವು. ಆದ್ದರಿಂದ ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ಮುಖ್ಯವಾಗಿ ಮಡ್ ಆಡಲು ಬಳಸುವ ತಂತ್ರಾಂಶವಾದ ಮಡ್ಲೆಟ್ ಕ್ಲೈಂಟ್ ಮತ್ತು ಅದರಲ್ಲಿ ಸ್ಕ್ರಿಪ್ಟ್ ಬರೆಯುವ ಲುವಾ ಭಾಷೆಯನ್ನು ಇಟ್ಟುಕೊಂಡಿದ್ದೇನೆ. ಬೇರೆ ಕ್ಲೈಂಟುಗಳ ಮಾತು ಕೊನೆಯಲ್ಲಿದೆ. ಕೋಡ್‌ನ ಹೆಸರುಗಳನ್ನೆಲ್ಲ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಕಾಗುಣಿತದಲ್ಲೇ ಟೈಪ್ ಮಾಡಬೇಕು. ಲುವಾ ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೇರೆ ಬೇರೆಯಾಗಿ ಕಾಣುತ್ತದೆ: ತಾತ್ಕಾಲಿಕ ಟೈಮರ್ ಹುಟ್ಟಿಸುವ ಟೆಂಪ್‌ಟೈಮರ್ ಎಂಬಲ್ಲಿ ನಡುವಿನ ಟಿ ದೊಡ್ಡಕ್ಷರವಾಗಿಲ್ಲದಿದ್ದರೆ ಅಂಥ ಫಂಕ್ಷನ್ನೇ ಇಲ್ಲವೆಂದು, ಅಂದರೆ ‘ನಿಲ್ ವ್ಯಾಲ್ಯೂ’ (ನಿಲ್ ಎಂದರೆ ಖಾಲಿ) ಎಂದು, ದೋಷ ಬರುತ್ತದೆ.

ಮೊದಲು ಯಾವ ಹಂತದಲ್ಲಿ ತಪ್ಪಿತೆಂದು ಗೊತ್ತುಮಾಡಿಕೊಳ್ಳಿ

‘ಟೈಮರ್ ಕೆಲಸ ಮಾಡುತ್ತಿಲ್ಲ’ ಎಂಬ ಒಂದೇ ದೂರಿನಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆಗಳಿರಬಹುದು. ಟೈಮರ್ ಹುಟ್ಟಿಯೇ ಇಲ್ಲದಿರಬಹುದು, ಹುಟ್ಟಿದ್ದರೂ ಸಕ್ರಿಯವಾಗಿಲ್ಲದಿರಬಹುದು, ಸಕ್ರಿಯವಾಗಿದ್ದು, ಸಮಯಕ್ಕೆ ಸರಿಯಾಗಿ ನಡೆದಿದ್ದರೂ ಅದರೊಳಗಿನ ಕೋಡ್ ಮುರಿದಿರಬಹುದು, ಕೋಡ್ ಸರಿಯಿದ್ದು ಕಮಾಂಡ್ ಹೋಗಿದ್ದರೂ ಆ ಹೊತ್ತಿಗೆ ಆಟದ ಸರ್ವರ್ ಅದನ್ನು ಒಪ್ಪದಿರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯದೆ ಸೆಕೆಂಡುಗಳನ್ನು ಹೆಚ್ಚು ಕಡಿಮೆ ಮಾಡುತ್ತ ಕುಳಿತರೆ ಸಮಯ ಹಾಳು, ಅಷ್ಟೇ.

ಇದಕ್ಕೆ ಬೇಕಾದ ಉಪಕರಣಗಳು ಮಡ್ಲೆಟ್‌ನಲ್ಲೇ ಇವೆ. ಸ್ಕ್ರಿಪ್ಟ್ ಎಡಿಟರ್ ತೆರೆದು ಎರರ್ಸ್ ಗುಂಡಿಯನ್ನು ಒತ್ತಿದರೆ ಲುವಾ ದೋಷಗಳೆಲ್ಲ ಅಲ್ಲಿ ಸಾಲಾಗಿ ಬರುತ್ತವೆ. ಟೈಮರ್ ಒಳಗಿನ ದೋಷ ಆಟದ ಮುಖ್ಯ ಪರದೆಯಲ್ಲಿ ಕಾಣದಿರುವುದರಿಂದ ಎಷ್ಟೋ ಜನ ಅದನ್ನು ನೋಡುವುದೇ ಇಲ್ಲ. ಮುಖ್ಯ ಪರದೆಯ ಕೆಳಬದಿಯಲ್ಲಿ ಟೈಮ್‌ಸ್ಟ್ಯಾಂಪ್ ತೋರಿಸುವ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಪ್ರತಿ ಸಾಲು ಬಂದ ಸಮಯ ಮಿಲಿಸೆಕೆಂಡ್ ಸಹಿತ ಪಕ್ಕದಲ್ಲಿ ಬೀಳುತ್ತದೆ. ಆಮೇಲೆ ಟೈಮರ್ ಹುಟ್ಟಿಸುವ ಜಾಗದಲ್ಲಿ ಒಂದು ಎಕೋ, ಟೈಮರ್ ಒಳಗಿನ ಮೊದಲ ಸಾಲಿನಲ್ಲಿ ಇನ್ನೊಂದು ಎಕೋ ಹಾಕಿ. ‘ಹುಟ್ಟಿತು’ ಎಂಬುದು ಬಂದು ‘ನಡೆಯಿತು’ ಎಂಬುದು ಬರದಿದ್ದರೆ ದೋಷ ಇವೆರಡರ ನಡುವೆ ಇದೆ. ಎರಡೂ ಬಂದಿದ್ದರೆ ಟೈಮರ್ ನಿರ್ದೋಷಿ, ಮುಂದಿನ ಕಮಾಂಡನ್ನು ಪರೀಕ್ಷಿಸಬೇಕು. ಎಕೋ ನಮ್ಮ ಪರದೆಗೆ ಮಾತ್ರ ಬರೆಯುತ್ತದೆ, ಸೆಂಡ್ ಆಟಕ್ಕೆ ಕಳಿಸುತ್ತದೆ ಎಂಬುದು ಮನಸ್ಸಿನಲ್ಲಿರಲಿ. ಸೆಂಡ್‌ಗೆ ನಿಮ್ಮದೇ ಅಲಿಯಾಸ್‌ನ ಹೆಸರು ಕೊಟ್ಟರೆ ಆ ಅಲಿಯಾಸ್ ಓಡುವುದಿಲ್ಲ, ಆ ಹೆಸರೇ ಆಟಕ್ಕೆ ಹೋಗಿ ‘ಅರ್ಥವಾಗಲಿಲ್ಲ’ ಎಂಬ ಉತ್ತರ ಬರುತ್ತದೆ. ಅಲ್ಲಿ ಎಕ್ಸ್‌ಪ್ಯಾಂಡ್‌ಅಲಿಯಾಸ್ ಬಳಸಬೇಕು.

ಟೆಂಪ್‌ಟೈಮರ್ ಕಾಯುವುದಿಲ್ಲ

ಹೊಸಬರ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದು ತಪ್ಪು ತಿಳಿವಳಿಕೆಯಿಂದ ಬರುತ್ತವೆ: ಟೆಂಪ್‌ಟೈಮರ್ ಎಂದು ಬರೆದಲ್ಲಿ ಸ್ಕ್ರಿಪ್ಟ್ ಅಷ್ಟು ಹೊತ್ತು ನಿಂತು, ಬಳಿಕ ಮುಂದಿನ ಸಾಲಿಗೆ ಹೋಗುತ್ತದೆ ಎಂಬ ಭಾವನೆ. ಅದು ನಿಲ್ಲುವುದಿಲ್ಲ. ‘ಇಷ್ಟು ಹೊತ್ತಿನ ಮೇಲೆ ಈ ಕೆಲಸ ಮಾಡು’ ಎಂದು ಮಡ್ಲೆಟ್‌ಗೆ ಒಪ್ಪಿಸಿ, ಆ ಕ್ಷಣದಲ್ಲೇ ಕೆಳಗಿನ ಸಾಲಿಗೆ ಇಳಿಯುತ್ತದೆ. ಹಾಗಾಗಿ ಬೀಗ ತೆಗೆಯುವ ಕಮಾಂಡ್, ಅದರ ಕೆಳಗೆ ಎರಡು ಸೆಕೆಂಡಿನ ಟೈಮರ್‌ನಲ್ಲಿ ಬಾಗಿಲು ತೆರೆಯುವುದು, ಅದರ ಕೆಳಗೆ ಟೈಮರ್‌ನ ಹೊರಗೆ ಉತ್ತರಕ್ಕೆ ನಡೆಯುವುದು ಎಂದು ಬರೆದರೆ, ನಿಮ್ಮ ಪಾತ್ರ ಮುಚ್ಚಿದ ಬಾಗಿಲಿಗೆ ಹೋಗಿ ಢಿಕ್ಕಿ ಹೊಡೆಯುತ್ತದೆ, ಆಮೇಲೆ ಬಾಗಿಲು ತೆರೆಯುತ್ತದೆ. ನಡೆಯುವ ಕಮಾಂಡನ್ನೂ ಟೈಮರ್‌ನ ಒಳಗೇ ಇಡಬೇಕು, ಅಥವಾ ಅದಕ್ಕೆ ಬೇರೆಯೇ ಟೈಮರ್ ಕೊಡಬೇಕು.

ಲೂಪ್‌ನೊಳಗೂ ಇದೇ ಕಥೆ. ಒಂದರಿಂದ ಐದರವರೆಗಿನ ಲೂಪ್ ಬರೆದು, ಒಳಗೆ ಮೂರು ಸೆಕೆಂಡಿನ ಟೆಂಪ್‌ಟೈಮರ್‌ನಲ್ಲಿ ಗಣಿ ಅಗೆಯುವ ಕಮಾಂಡ್ ಹಾಕಿದರೆ, ಐದು ಟೈಮರುಗಳೂ ಒಂದೇ ಕ್ಷಣದಲ್ಲಿ ಹುಟ್ಟಿ ಮೂರು ಸೆಕೆಂಡಿನ ಬಳಿಕ ಐದೂ ಒಟ್ಟಿಗೆ ನಡೆಯುತ್ತವೆ. ಸಮಯವನ್ನು ಲೂಪ್‌ನ ಸಂಖ್ಯೆಯಿಂದ ಗುಣಿಸಿ ಕೊಟ್ಟರೆ 3, 6, 9, 12, 15ನೆಯ ಸೆಕೆಂಡುಗಳಲ್ಲಿ ಒಂದೊಂದಾಗಿ ನಡೆಯುತ್ತವೆ. ಆದರೆ ಸಂಖ್ಯೆ ಹೆಚ್ಚಿದ್ದರೆ ಇದೂ ಒಳ್ಳೆಯ ದಾರಿಯಲ್ಲ, ಏಕೆಂದರೆ ನಡುವೆ ನಿಲ್ಲಿಸಬೇಕಾದರೆ ಅಷ್ಟೂ ಟೈಮರುಗಳನ್ನು ಹುಡುಕಿ ಕೊಲ್ಲಬೇಕಾಗುತ್ತದೆ. ಒಂದು ಫಂಕ್ಷನ್ ಬರೆದು, ಅದು ತನ್ನ ಕೆಲಸ ಮುಗಿದ ಮೇಲೆ ‘ಇನ್ನೂ ಮುಂದುವರಿಸಬೇಕೇ’ ಎಂಬ ವೇರಿಯೇಬಲನ್ನು ನೋಡಿ, ಹೌದಾದರೆ ಮಾತ್ರ ಮುಂದಿನ ಸಲಕ್ಕೆ ಟೈಮರ್ ಹಾಕುವಂತೆ ಮಾಡುವುದನ್ನು ನಾನು ಯಾವಾಗಲೂ ಮೇಲೆಂದು ಹೇಳುತ್ತೇನೆ. ಆಗ ಯಾವ ಕ್ಷಣದಲ್ಲಿ ನೋಡಿದರೂ ಜೀವಂತವಿರುವುದು ಒಂದೇ ಟೈಮರ್.

ಇನ್ನೊಂದು ಸಣ್ಣ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಇವೆರಡು ಸಾಲುಗಳನ್ನು ಹೋಲಿಸಿ ನೋಡಿ:

ಟೆಂಪ್‌ಟೈಮರ್(2, ಸೆಂಡ್("ಲುಕ್"))
ಟೆಂಪ್‌ಟೈಮರ್(2, ಫಂಕ್ಷನ್() ಸೆಂಡ್("ಲುಕ್") ಎಂಡ್)

ಮೊದಲನೆಯದರಲ್ಲಿ ಲುವಾ ಟೈಮರ್ ಹುಟ್ಟಿಸುವ ಮೊದಲೇ ಸೆಂಡನ್ನು ನಡೆಸಿಬಿಡುತ್ತದೆ. ಎರಡು ಸೆಕೆಂಡಿನ ನಂತರ ಮಾಡಲು ಏನೂ ಉಳಿದಿರುವುದಿಲ್ಲ. ಎರಡನೆಯದು ಕೆಲಸವನ್ನು ಫಂಕ್ಷನ್‌ನೊಳಗೆ ಸುತ್ತಿ ಕೊಡುತ್ತದೆ, ಅದು ಸರಿ. ‘ಕಮಾಂಡ್ ತಡವಿಲ್ಲದೆ ಕೂಡಲೇ ಹೋಗುತ್ತದೆ’ ಎಂಬ ದೂರು ಬಂದಾಗಲೆಲ್ಲ ಮೊದಲು ನೋಡಬೇಕಾದ್ದು ಇದನ್ನೇ. ಉದ್ಧರಣ ಚಿಹ್ನೆಗಳ ಬಗ್ಗೆಯೂ ಎಚ್ಚರ ಬೇಕು: ಫೋನಿನ ಕೀಲಿಮಣೆ ಅಥವಾ ವರ್ಡ್‌ನಲ್ಲಿ ಬರೆದ ಕೋಡ್‌ನಲ್ಲಿ ನೇರ ಚಿಹ್ನೆಯ ಬದಲು ಬಾಗಿದ ಚಿಹ್ನೆ ಸೇರಿಕೊಂಡಿರುತ್ತದೆ, ಲುವಾ ಅದನ್ನು ಒಪ್ಪುವುದಿಲ್ಲ.

ಒಂದೇ ಟ್ರಿಗರ್, ಹಲವು ಟೈಮರ್

ಉಡುಪಿಯ ಕುಂಜಿಬೆಟ್ಟಿನ ಗೆಳೆಯರೊಬ್ಬರು ಒಂದು ರಾತ್ರಿ ಫೋನ್ ಮಾಡಿ, ‘ಎಂತ ಮಾರಾಯ್ರೆ ಇದು, ಒಂದು ಸಲ ಔಷಧ ಕುಡಿ ಎಂದರೆ ನಾಲ್ಕು ಸಲ ಕುಡಿಯುತ್ತದೆ, ಶೀಶೆ ಎಲ್ಲ ಖಾಲಿ’ ಎಂದರು. ಅವರ ಟ್ರಿಗರ್ ‘ನಿಮ್ಮ ಗಾಯದಿಂದ ರಕ್ತ ಸುರಿಯುತ್ತಿದೆ’ ಎಂಬ ಸಾಲಿಗೆ ಕಟ್ಟಿದ್ದು. ಸಾಲು ಬಂದ ಐದು ಸೆಕೆಂಡಿಗೆ ಔಷಧ ಕುಡಿಯಬೇಕು. ಟೈಮ್‌ಸ್ಟ್ಯಾಂಪ್ ಹಾಕಿ ನೋಡಿದಾಗ ಆ ಸಾಲನ್ನು ಆಟ ಒಂದೂಕಾಲು ಸೆಕೆಂಡಿಗೊಮ್ಮೆ ಕಳಿಸುತ್ತಿದ್ದುದು ಕಾಣಿಸಿತು. ಅಂದರೆ ಮೊದಲ ಟೈಮರ್ ನಡೆಯುವುದರೊಳಗೆ ಇನ್ನೂ ಮೂರು ಹುಟ್ಟಿ ಸರದಿಯಲ್ಲಿ ನಿಂತಿದ್ದವು. ಮೊದಲ ಗುಟುಕಿಗೇ ಗಾಯ ವಾಸಿಯಾದರೂ ಉಳಿದ ಮೂರಕ್ಕೆ ಅದು ಗೊತ್ತಿಲ್ಲ.

ಪರಿಹಾರ ಸರಳ. ಟೆಂಪ್‌ಟೈಮರ್ ಹುಟ್ಟಿದಾಗ ಒಂದು ಐಡಿ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಅದನ್ನು ಒಂದು ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳಿ. ಹೊಸದನ್ನು ಹುಟ್ಟಿಸುವ ಮೊದಲು ಆ ವೇರಿಯೇಬಲ್‌ನಲ್ಲಿ ಏನಾದರೂ ಇದೆಯೇ ನೋಡಿ; ಇದ್ದರೆ ಏನು ಮಾಡಬೇಕೆಂಬುದು ನಿಮ್ಮ ಉದ್ದೇಶಕ್ಕೆ ಬಿಟ್ಟದ್ದು. ಕಿಲ್‌ಟೈಮರ್‌ನಿಂದ ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಗೆಳೆಯರ ಸಂದರ್ಭದಲ್ಲಿ ಹಾಗೆ ಮಾಡಿದರೆ ಸಾಲು ಬರುತ್ತಲೇ ಇರುವವರೆಗೆ ಔಷಧ ಮುಂದೆ ಮುಂದೆ ಹೋಗಿ ಪಾತ್ರವೇ ಸಾಯುತ್ತದೆ. ಅಲ್ಲಿ ಬೇಕಾದ್ದು ಎರಡನೆಯ ದಾರಿ, ಅಂದರೆ ಹಳೆಯದು ಇರುವವರೆಗೆ ಹೊಸದನ್ನು ಹುಟ್ಟಿಸದಿರುವುದು. ಎರಡರಲ್ಲೂ ಟೈಮರ್ ನಡೆದೊಡನೆ ಒಳಗಿನ ಮೊದಲ ಸಾಲಿನಲ್ಲೇ ವೇರಿಯೇಬಲನ್ನು ನಿಲ್ ಮಾಡಬೇಕು. ಮರೆತರೆ ಎರಡನೆಯ ದಾರಿಯಲ್ಲಿ ಮೊದಲ ಸಲ ಸರಿಯಾಗಿ ನಡೆದು ಮತ್ತೆಂದೂ ನಡೆಯದ ಟೈಮರ್ ನಿಮ್ಮ ಕೈಗೆ ಬರುತ್ತದೆ. ಆ ವೇರಿಯೇಬಲ್‌ನ ಹಿಂದೆ ಲೋಕಲ್ ಎಂದು ಬರೆಯಬಾರದು. ಬರೆದರೆ ಟ್ರಿಗರ್ ಮುಗಿಯುತ್ತಿದ್ದಂತೆ ಅದು ಅಳಿದುಹೋಗುತ್ತದೆ, ಮುಂದಿನ ಸಲ ಟ್ರಿಗರ್‌ಗೆ ಹಳೆಯ ಟೈಮರ್‌ನ ಗುರುತೇ ಸಿಗುವುದಿಲ್ಲ.

ಟೈಮರುಗಳು ಕೈಮೀರಿ ಕಮಾಂಡುಗಳ ಮಳೆ ಸುರಿಯತೊಡಗಿದರೆ ಕಮಾಂಡ್ ಟೈಪ್ ಮಾಡುವ ಪಟ್ಟಿಯ ಪಕ್ಕದಲ್ಲಿ ಎಮರ್ಜೆನ್ಸಿ ಸ್ಟಾಪ್ ಗುಂಡಿ ಇದೆ; ಅದು ಟ್ರಿಗರ್, ಟೈಮರುಗಳನ್ನೆಲ್ಲ ಒಮ್ಮೆಲೇ ತಡೆಯುತ್ತದೆ. ಹೊಸ ಸ್ಕ್ರಿಪ್ಟನ್ನು ಪರೀಕ್ಷಿಸುವ ಮೊದಲೇ ಅದು ಎಲ್ಲಿದೆಯೆಂದು ನೋಡಿಟ್ಟುಕೊಳ್ಳಿ.

ಟ್ರಿಗರ್ ಹಿಡಿದ ಪದ ಟೈಮರ್‌ಗೆ ಸಿಗದಿರುವುದು

ಟ್ರಿಗರ್ ಒಂದು ಶತ್ರುವಿನ ಹೆಸರನ್ನು ಹಿಡಿಯುತ್ತದೆ, ಮೂರು ಸೆಕೆಂಡಿನ ಬಳಿಕ ಅವನ ಮೇಲೆ ದಾಳಿ ಮಾಡಬೇಕು. ಆದರೆ ದಾಳಿ ಬೇರೆ ಯಾರ ಮೇಲೋ ಆಗುತ್ತದೆ, ಇಲ್ಲವೇ ನಿಲ್ ಎಂಬ ದೋಷ ಬರುತ್ತದೆ. ಹಿಡಿದ ಪದಗಳನ್ನು ಮಡ್ಲೆಟ್ ಮ್ಯಾಚಸ್ ಎಂಬ ಒಂದೇ ಟೇಬಲ್‌ನಲ್ಲಿ ಇಡುತ್ತದೆ. ಮೂರು ಸೆಕೆಂಡಿನಲ್ಲಿ ಇನ್ನೆಷ್ಟು ಟ್ರಿಗರುಗಳು ನಡೆದು ಆ ಟೇಬಲನ್ನು ತುಂಬಿ, ಮತ್ತೆ ಬದಲಿಸಿರುತ್ತವೋ ಹೇಳಲಾಗದು. ಆದ್ದರಿಂದ ಟ್ರಿಗರ್ ನಡೆದ ಕ್ಷಣದಲ್ಲೇ ಹೆಸರನ್ನು ಲೋಕಲ್ ವೇರಿಯೇಬಲ್‌ಗೆ ಎತ್ತಿಟ್ಟು, ಫಂಕ್ಷನ್ ಒಳಗೆ ಆ ವೇರಿಯೇಬಲನ್ನು ಬಳಸಿ. ಮೇಲೆ ಬೇಡವೆಂದ ಲೋಕಲ್ ಇಲ್ಲಿ ಬೇಕೇ ಬೇಕು, ಯಾಕೆಂದರೆ ಟ್ರಿಗರ್ ಎರಡು ಸಲ ನಡೆದರೆ ಎರಡು ಟೈಮರುಗಳೂ ತಮ್ಮ ತಮ್ಮ ಹೆಸರನ್ನು ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳುತ್ತವೆ. ಕೋಡನ್ನು ಫಂಕ್ಷನ್ ಬದಲು ಜೋಡಿ ಚೌಕ ಕಂಸಗಳೊಳಗೆ ಸ್ಟ್ರಿಂಗ್ ಆಗಿ ಕೊಟ್ಟರೆ ಮಾತ್ರ ಇದು ಫಲಿಸುವುದಿಲ್ಲ. ಆ ಸ್ಟ್ರಿಂಗ್ ಬಳಿಕ ಬೇರೆಯಾಗಿ ಓಡುವುದರಿಂದ ಲೋಕಲ್ ವೇರಿಯೇಬಲುಗಳು ಅದಕ್ಕೆ ಕಾಣುವುದಿಲ್ಲ. ಹಳೆಯ ಉದಾಹರಣೆಗಳಲ್ಲೆಲ್ಲ ಸ್ಟ್ರಿಂಗ್ ಪದ್ಧತಿಯೇ ಇದೆ. ಹೊಸದಾಗಿ ಬರೆಯುವವರು ಅದನ್ನು ಬಿಟ್ಟು ಫಂಕ್ಷನ್ ಪದ್ಧತಿಯನ್ನೇ ರೂಢಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಡಿಟರ್‌ನಲ್ಲಿ ಮಾಡಿದ ಟೈಮರುಗಳು

ಎಡಿಟರ್‌ನಲ್ಲಿ ಮಾಡಿಟ್ಟ ಟೈಮರ್ ಪ್ರೊಫೈಲನ್ನು (ಒಂದು ಆಟಕ್ಕಾಗಿ ಮಡ್ಲೆಟ್ ಉಳಿಸಿಡುವ ಸಂಗ್ರಹ) ಮುಚ್ಚಿ ತೆರೆದರೂ ಉಳಿಯುತ್ತದೆ, ಟೆಂಪ್‌ಟೈಮರ್ ಉಳಿಯುವುದಿಲ್ಲ. ಎಡಿಟರ್‌ನ ಟೈಮರ್ ನಡೆಯದಿದ್ದರೆ ಮೊದಲು ಅದು ಸಕ್ರಿಯವಿದೆಯೇ, ಅದನ್ನಿಟ್ಟ ಫೋಲ್ಡರ್ ಸಕ್ರಿಯವಿದೆಯೇ ಎಂದು ನೋಡಿ. ಫೋಲ್ಡರ್ ಆರಿದ್ದರೆ ಒಳಗಿನದೆಲ್ಲವೂ ಆರಿದಂತೆ. ಸಮಯದ ನಾಲ್ಕು ಪೆಟ್ಟಿಗೆಗಳು ಗಂಟೆ, ನಿಮಿಷ, ಸೆಕೆಂಡ್, ಮಿಲಿಸೆಕೆಂಡ್‌ಗಳವು, ಒಂದು ಮನೆ ಆಚೀಚೆಯಾದರೂ ಎರಡು ಸೆಕೆಂಡು ಎರಡು ನಿಮಿಷವಾಗುತ್ತದೆ. ಒಂದು ಟೈಮರನ್ನು ಇನ್ನೊಂದು ಟೈಮರ್‌ನ ಒಳಗೆ ಎಳೆದು ಹಾಕಿದ್ದರೆ ಅದು ಸ್ವತಂತ್ರವಾಗಿ ಓಡುವುದಿಲ್ಲ; ತಾಯಿ ಟೈಮರ್ ನಡೆದ ಮೇಲೆ ಅಷ್ಟು ಹೊತ್ತು ಬಿಟ್ಟು ಒಂದು ಸಲ ನಡೆಯುತ್ತದೆ. ಇದು ಆಫ್‌ಸೆಟ್ ಟೈಮರ್, ಬೇಕೆಂದೇ ಕೊಟ್ಟ ಸೌಲಭ್ಯ.

ಪರ್ಮ್‌ಟೈಮರ್ ಫಂಕ್ಷನ್‌ನಿಂದಲೂ ಶಾಶ್ವತ ಟೈಮರ್ ಮಾಡಬಹುದು, ಆದರೆ ಅದು ಹುಟ್ಟುವಾಗ ಆರಿಯೇ ಇರುತ್ತದೆ. ಎನೇಬಲ್‌ಟೈಮರ್ ಎಂದು ಹೇಳಿ ಹೊತ್ತಿಸಬೇಕು. ಪ್ರೊಫೈಲ್ ತೆರೆದಾಗಲೆಲ್ಲ ಓಡುವ ಸ್ಕ್ರಿಪ್ಟ್‌ನಲ್ಲಿ ಅದನ್ನು ಇಟ್ಟರೆ ಪ್ರತಿ ಸಲವೂ ಅದೇ ಹೆಸರಿನ ಇನ್ನೊಂದು ಟೈಮರ್ ಸೇರಿಕೊಳ್ಳುತ್ತ ಹೋಗುತ್ತದೆ. ಎಕ್ಸಿಸ್ಟ್ಸ್ ಫಂಕ್ಷನ್‌ನಿಂದ ಮೊದಲೇ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಮಾತ್ರ ಹುಟ್ಟಿಸಿ. ಇಂಥ ಶಾಶ್ವತ ಟೈಮರನ್ನು ಕಿಲ್‌ಟೈಮರ್ ಅಳಿಸುವುದಿಲ್ಲ. ಡಿಸೇಬಲ್‌ಟೈಮರ್‌ನಿಂದ ಆರಿಸಬಹುದು ಅಷ್ಟೆ.

ಟೈಮರ್‌ಗೆ ಕನ್ನಡದಲ್ಲಿ ಹೆಸರಿಡುವವರಿಗೆ ಒಂದು ವಿಶೇಷ ಸೂಚನೆ. ‘ಟೈಮರ್‌ಗೆ’ ಎಂದು ಬರೆಯುವಾಗ ರಕಾರದ ಕೆಳಗೆ ಗಕಾರ ಒತ್ತಾಗದಿರಲೆಂದು ನಾವು ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ನಡುವೆ ಸೇರಿಸುತ್ತೇವೆ. ಕೆಲವು ಕೀಲಿಮಣೆಗಳು ಪದದ ಕೊನೆಯ ಅರ್ಧಾಕ್ಷರದ ನಂತರವೂ ಇದನ್ನು ತಾವಾಗಿ ಸೇರಿಸುತ್ತವೆ. ಪರದೆಯಲ್ಲಿ ಎರಡು ಹೆಸರುಗಳೂ ಒಂದೇ ತೆರನಾಗಿ ಕಂಡರೂ ಕಂಪ್ಯೂಟರ್‌ಗೆ ಅವು ಬೇರೆ ಬೇರೆ. ಎನೇಬಲ್‌ಟೈಮರ್ ಆ ಹೆಸರಿನ ಟೈಮರ್ ಇಲ್ಲವೆಂದೇ ತಿಳಿಯುತ್ತದೆ. ಎಡಿಟರ್‌ನಿಂದ ಹೆಸರನ್ನು ನಕಲು ಮಾಡಿ ಕೋಡ್‌ನಲ್ಲಿ ಅಂಟಿಸುವುದು ಸುರಕ್ಷಿತ. ಲುವಾದ ವೇರಿಯೇಬಲ್ ಹೆಸರುಗಳನ್ನಂತೂ ಇಂಗ್ಲಿಷ್ ಅಕ್ಷರಗಳಲ್ಲೇ ಇಡಬೇಕು.

ಸೆಕೆಂಡನ್ನು ನಂಬುವುದಕ್ಕಿಂತ ಸಾಲನ್ನು ನಂಬಿ

ಟೈಮರ್ ನಿರ್ದೋಷಿಯೆಂದು ಸಾಬೀತಾದ ಮೇಲೂ ಫಲ ತಪ್ಪುತ್ತಿದ್ದರೆ ಸಮಯದ ಲೆಕ್ಕವೇ ಸರ್ವರ್‌ನ ಲೆಕ್ಕಕ್ಕೆ ಹೊಂದುತ್ತಿಲ್ಲವೆಂದು ಅರ್ಥ. 1991ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಿಂದ ಹೊರಬಂದ ಡಿಕುಮಡ್ ಎಂಬ ಆಟದ ವಂಶದಲ್ಲಿ ಬಂದ ಆಟಗಳಲ್ಲಿ ಗಾಯ ಮಾಯುವುದು, ಮಂತ್ರದ ಅವಧಿ ಕಡಿಮೆಯಾಗುವುದು ಎಲ್ಲವೂ ಟಿಕ್ ಎಂಬ ಹೊತ್ತಿಗೆ ನಡೆಯುತ್ತವೆ. ಆ ವಂಶದ ಮೂಲ ಸರ್ಕಲ್‌ಮಡ್‌ನಲ್ಲಿ ಆಟದ ಒಂದು ಗಂಟೆಗೆ, ಅಂದರೆ ಒಂದು ಟಿಕ್‌ಗೆ, 75 ಸೆಕೆಂಡು. ಮರ್ಕ್ ಎಂಬ ಇನ್ನೊಂದು ಶಾಖೆಯಲ್ಲಿ ಟಿಕ್‌ನ ಅಂತರವನ್ನು ಪ್ರತಿ ಸಲವೂ ಅರ್ಧದಿಂದ ಒಂದೂವರೆ ಪಟ್ಟಿನವರೆಗೆ ಬೇಕೆಂದೇ ಏರುಪೇರು ಮಾಡುತ್ತಾರೆ. ಅಂಥ ಆಟದಲ್ಲಿ ನಿಗದಿತ ಸೆಕೆಂಡಿನ ಟೈಮರ್ ಎಷ್ಟು ತಿದ್ದಿದರೂ ಸರಿಯಾಗದು. ಅದೇ ಶಾಖೆಯ ಸರ್ವರುಗಳು ಸೆಕೆಂಡಿಗೆ ನಾಲ್ಕು ಸಲ ಮಾತ್ರ ಬಂದ ಕಮಾಂಡುಗಳನ್ನು ನೋಡುವುದರಿಂದ 0.1 ಸೆಕೆಂಡಿನ ಟೈಮರ್ ಇಟ್ಟು ಯಾವ ಲಾಭವೂ ಇಲ್ಲ. ಇದರ ಮೇಲೆ ದೂರದ ಲೆಕ್ಕ ಬೇರೆ: ಸರ್ವರ್ ಅಮೆರಿಕದಲ್ಲಿದ್ದರೆ ಮಂಗಳೂರಿನಿಂದ ಕಮಾಂಡ್ ಹೋಗಿ ಉತ್ತರ ಬರಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ, ಅದೂ ಒಂದೇ ಸಮನಾಗಿರುವುದಿಲ್ಲ.

ಅಡುಗೆಮನೆಯಲ್ಲಿ ನಾವು ಗಡಿಯಾರ ನೋಡಿ ಕುಕ್ಕರ್ ಇಳಿಸುವುದಿಲ್ಲ, ಸೀಟಿ ಎಣಿಸಿ ಇಳಿಸುತ್ತೇವೆ. ಸ್ಕ್ರಿಪ್ಟ್‌ನಲ್ಲೂ ಹಾಗೆಯೇ, ಆಟ ಒಂದು ಸಾಲಿನಿಂದ ಸುಳಿವು ಕೊಡುವುದಾದರೆ ಕೆಲಸವನ್ನು ಆ ಸಾಲಿನ ಟ್ರಿಗರ್‌ಗೆ ಕಟ್ಟಬೇಕು. ‘ನಿಮ್ಮ ಸಮತೋಲನ ಮರಳಿತು’ ಎಂಬ ಸಾಲು ಬಂದ ಮೇಲೆ ಹೊಡೆಯುವ ಸ್ಕ್ರಿಪ್ಟ್, ಮೂರು ಸೆಕೆಂಡು ಎಣಿಸಿ ಹೊಡೆಯುವ ಸ್ಕ್ರಿಪ್ಟ್‌ಗಿಂತ ಎಲ್ಲ ಕಾಲದಲ್ಲೂ ಗಟ್ಟಿ. ಟೈಮರನ್ನು ಕಾವಲಿಗೆ ಇಟ್ಟುಕೊಳ್ಳಿ: ಸಾಲು ಬರಬೇಕಾದ ಹೊತ್ತು ಮೀರಿ ಐದು ಸೆಕೆಂಡಾದರೂ ಬರದಿದ್ದರೆ ಎಚ್ಚರಿಸು, ಸಾಲು ಬಂದರೆ ಆ ಟೈಮರನ್ನು ಕೊಲ್ಲು. ಸುಳಿವೇ ಕೊಡದ ಆಟದಲ್ಲಿ ಮಾತ್ರ ಸೆಕೆಂಡುಗಳಿಗೆ ಶರಣು ಹೋಗಬೇಕು. ಆಗಲೂ ಸ್ಟಾಪ್‌ವಾಚ್ ಫಂಕ್ಷನುಗಳಿಂದ ಅಂತರವನ್ನು ಕೆಲವು ಸಲ ಅಳೆದು, ಸರಾಸರಿಯ ಬದಲು ಅತಿ ಹೆಚ್ಚು ಬಂದುದನ್ನು ಆರಿಸಿಕೊಳ್ಳಿ.

ಮಳೆಗಾಲದ ಸಂಪರ್ಕ

ಜೂನ್, ಜುಲೈ ತಿಂಗಳುಗಳಲ್ಲಿ ಕರಾವಳಿಯಲ್ಲಿ ಆಡುವವರಿಗೆ ಬೇರೆಯೇ ಬಗೆಯ ದೋಷ ಎದುರಾಗುತ್ತದೆ. ಕರೆಂಟು ಹೋಗಿ ರೂಟರ್ ಆರಿದರೂ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಿರುತ್ತದೆ. ಮಡ್ಲೆಟ್‌ನ ಟೈಮರುಗಳಿಗೆ ಸಂಪರ್ಕ ಕಡಿದದ್ದು ತಾವಾಗಿ ತಿಳಿಯುವುದಿಲ್ಲ, ಅವು ನಡೆಯುತ್ತಲೇ ಇರುತ್ತವೆ. ತಂತಿ ಕೆಲವೇ ಸೆಕೆಂಡು ಕೈಕೊಟ್ಟು ಮರಳಿದರೆ ಇನ್ನೂ ಕಷ್ಟ. ಅಷ್ಟರಲ್ಲಿ ಕಳಿಸಿದ ಕಮಾಂಡುಗಳು ಕಂಪ್ಯೂಟರ್‌ನಲ್ಲೇ ಸರದಿ ನಿಂತಿದ್ದು, ದಾರಿ ತೆರೆದೊಡನೆ ಒಟ್ಟಿಗೆ ಸರ್ವರ್ ತಲುಪುತ್ತವೆ; ಒಂದೇ ಉಸಿರಿಗೆ ಬಂದ ಅಷ್ಟೊಂದು ಕಮಾಂಡುಗಳಿಗೆ ಕೆಲವು ಆಟಗಳು ಆಟಗಾರರನ್ನೇ ಹೊರಹಾಕುತ್ತವೆ.

ಇದಕ್ಕೆ ಎರಡು ರಕ್ಷಣೆ ಬೇಕು. ಸಂಪರ್ಕ ಕಡಿದಾಗ ಮಡ್ಲೆಟ್ ಎಬ್ಬಿಸುವ ಸಿಸ್‌ಡಿಸ್‌ಕನೆಕ್ಷನ್‌ಇವೆಂಟ್ ಎಂಬ ಘಟನೆಗೆ ಒಂದು ಹ್ಯಾಂಡ್ಲರ್, ಅಂದರೆ ಆಗ ನಡೆಯುವ ಫಂಕ್ಷನ್, ಬರೆದು, ಅದರಲ್ಲಿ ನಿಮ್ಮ ಟೈಮರುಗಳನ್ನೆಲ್ಲ ಆರಿಸಿ. ಆದರೆ ತಂತಿ ಸದ್ದಿಲ್ಲದೆ ಸತ್ತಾಗ ಆ ಘಟನೆ ತಡವಾಗಿ ಬರುತ್ತದೆ, ಆದ್ದರಿಂದ ಅದೊಂದನ್ನೇ ನೆಚ್ಚುವಂತಿಲ್ಲ. ಪ್ರಾಂಪ್ಟ್, ಅಂದರೆ ಮುಂದಿನ ಕಮಾಂಡಿಗೆ ಸಿದ್ಧವೆಂದು ಆಟ ತೋರಿಸುವ ಸಾಲು, ಬಂದಾಗಲೆಲ್ಲ ಗೆಟ್‌ಎಪಾಕ್ ಫಂಕ್ಷನ್ ಕೊಡುವ ಸಮಯವನ್ನು ಒಂದು ವೇರಿಯೇಬಲ್‌ನಲ್ಲಿ ಬರೆದಿಡಿ. ಪ್ರತಿ ಟೈಮರ್ ಕಮಾಂಡ್ ಕಳಿಸುವ ಮೊದಲು, ಕೊನೆಯ ಪ್ರಾಂಪ್ಟ್ ಬಂದು ಹತ್ತು ಸೆಕೆಂಡಿಗಿಂತ ಹೆಚ್ಚಾಗಿದ್ದರೆ ಸುಮ್ಮನಿರಲಿ. ಆಟ ಸದ್ದಿಲ್ಲದೆ ನಿಲ್ಲುವ ಸ್ವಭಾವದ್ದಾದರೆ ಈ ಹತ್ತನ್ನು ಹೆಚ್ಚಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ನಿದ್ರೆಗೆ ಹೋಗಿ ಎದ್ದಾಗಲೂ ಇದೇ ತಪಾಸಣೆ ಕಾಪಾಡುತ್ತದೆ. ಟೈಮರುಗಳನ್ನು ಓಡಲು ಬಿಟ್ಟು ಆಟಗಾರರು ಎದ್ದುಹೋಗುವುದನ್ನು ಅನೇಕ ಆಟಗಳು ನಿಷೇಧಿಸಿವೆ. ನಿಮ್ಮ ಆಟದ ನಿಯಮದ ಪುಟವನ್ನು ಓದದೆ ಯಾವ ಪುನರಾವರ್ತನೆಯ ಟೈಮರನ್ನೂ ಹಾಕಬೇಡಿ.

ಗಡಿಯಾರಕ್ಕೆ ಕಟ್ಟಿದ ಟೈಮರುಗಳಿಗೂ ಊರಿನ ಲೆಕ್ಕ ಅಡ್ಡ ಬರುತ್ತದೆ. ಸರ್ವರ್ ಪ್ರತಿ ರಾತ್ರಿ ಒಂದು ಹೊತ್ತಿಗೆ ಮರುಚಾಲನೆಗೊಳ್ಳುವುದಿದ್ದು ಅದು ಅಮೆರಿಕದ ಪೂರ್ವ ಕರಾವಳಿಯ ಸಮಯದಲ್ಲಿದ್ದರೆ, ನಮಗೂ ಅವರಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಅವರ ಗಡಿಯಾರ ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಬದಲಾಗುತ್ತದೆ, ನಮ್ಮದು ಬದಲಾಗುವುದಿಲ್ಲ. ವರ್ಷಕ್ಕೆ ಎರಡು ಸಲ ಸ್ಕ್ರಿಪ್ಟ್ ಸರಿಯಾಗಿ ಒಂದು ಗಂಟೆ ತಪ್ಪತೊಡಗಿದರೆ ಕಾರಣ ಇದೇ.

ಬೇರೆ ಕ್ಲೈಂಟುಗಳಲ್ಲಿ

ಹುಡುಕುವ ಕ್ರಮ ಎಲ್ಲ ಕಡೆಯೂ ಇದೇ ಆದರೂ ವಿವರಗಳು ಬೇರೆ. ಟಿನ್‌ಟಿನ್ ಪ್ಲಸ್ ಪ್ಲಸ್‌ನಲ್ಲಿ ಮತ್ತೆ ಮತ್ತೆ ನಡೆಯಬೇಕಾದ್ದಕ್ಕೆ ಟಿಕರ್, ಒಂದೇ ಸಲಕ್ಕೆ ಡಿಲೇ. ಮುಂದೆ # ಚಿಹ್ನೆ ಸೇರಿಸಿ #ಟಿಕರ್ ಎಂದಷ್ಟೇ ಬರೆದು ಎಂಟರ್ ಒತ್ತಿದರೆ ಈಗ ಜೀವಂತವಿರುವುದೆಲ್ಲ ಪಟ್ಟಿಯಾಗಿ ಬರುತ್ತದೆ, #ಅನ್‌ಟಿಕರ್ ಎಂದು ಹೆಸರು ಕೊಟ್ಟರೆ ಅಳಿಯುತ್ತದೆ. ಅದೇ ಹೆಸರಿನಲ್ಲಿ ಮತ್ತೆ ಟಿಕರ್ ಮಾಡಿದರೆ ಹಳೆಯದರ ಜಾಗಕ್ಕೆ ಹೊಸದು ಬರುವುದರಿಂದ ಅಲ್ಲಿ ಹೆಸರಿಟ್ಟ ಟಿಕರುಗಳು ರಾಶಿಬೀಳುವುದಿಲ್ಲ. ಮಶ್‌ಕ್ಲೈಂಟ್‌ನಲ್ಲಿ ಟೈಮರ್‌ನ ಕೋಡ್ ಅಕ್ಷರಶಃ ಆಟಕ್ಕೆ ಹೋಗಿ ಬೀಳುತ್ತಿದ್ದರೆ, ಎಲ್ಲಿಗೆ ಕಳಿಸಬೇಕೆಂಬ ಆಯ್ಕೆ ವರ್ಲ್ಡ್ ಎಂದೇ ಉಳಿದಿರುತ್ತದೆ. ಅದನ್ನು ಸ್ಕ್ರಿಪ್ಟ್ ಎಂದು ಬದಲಿಸಬೇಕು. ಆ್ಯಡ್‌ಟೈಮರ್‌ನಿಂದ ಮಾಡುವುದಾದರೆ ಎನೇಬಲ್ಡ್ ಫ್ಲ್ಯಾಗನ್ನು ಸೇರಿಸದಿದ್ದರೆ ಟೈಮರ್ ಹುಟ್ಟಿಯೂ ಓಡುವುದಿಲ್ಲ, ರಿಪ್ಲೇಸ್ ಫ್ಲ್ಯಾಗನ್ನು ಸೇರಿಸದಿದ್ದರೆ ಅದೇ ಹೆಸರಿನದು ಮೊದಲೇ ಇದ್ದಾಗ ಹೊಸದು ಹುಟ್ಟುವುದಿಲ್ಲ. ಸಂಪರ್ಕ ಕಡಿದಾಗಲೂ ಓಡಬೇಕೆಂಬ ಆಯ್ಕೆಯನ್ನು ನೀವಾಗಿ ಹಾಕದ ಹೊರತು ಮಶ್‌ಕ್ಲೈಂಟ್‌ನ ಟೈಮರುಗಳು ಆ ಹೊತ್ತಿನಲ್ಲಿ ನಡೆಯುವುದಿಲ್ಲ. ಮಳೆಗಾಲದ ಆಟಕ್ಕೆ ಅದನ್ನು ಹಾಗೆಯೇ ಬಿಡುವುದು ಒಳ್ಳೆಯದು.